ಹಂಪೆಯ ಪಟ್ಟಿಯೂ ಮಸ್ಕಿಯ ಬಂಡೆಯೂ

ಸುಗ್ಗಿಯು ಮುಗಿದು ಮಾಗಿಯ ಬಿಸಿಲು ಹಿತವೆನಿಸುವ ಕಾಲವು ಬಂದಿತೆಂದರೆ, ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯಲ್ಲಿ ನಾಲ್ಕಕ್ಷರ ಬಲ್ಲ ಮನೆಗಳಲ್ಲೆಲ್ಲ ಒಂದೇ ಮಾತು ಏಳುವುದು: ಈ ಸಲವಾದರೂ ಹಂಪೆಯನ್ನು ನೋಡಿ ಬರಬೇಕು. ಬುತ್ತಿಯ ಗಂಟುಗಳು ಸಿದ್ಧವಾಗುವುವು. ಮಕ್ಕಳಿಗೆ ಹಿಂದಿನ ರಾತ್ರಿ ನಿದ್ದೆ ಬಾರದು. ಬೆಳಕು ಹರಿಯುವುದರೊಳಗೆ ದಢೇಸುಗೂರಿನ ಸೇತುವೆಯ ಮೇಲೆ ಮೋಟಾರು ಬಂಡಿಗಳು ಸಿರುಗುಪ್ಪೆಯ ಕಡೆಗೆ ಮುಖ ಮಾಡಿ ಸಾಗುವುವು. ಸೇತುವೆಯ ಕೆಳಗೆ ಹರಿಯುವ ತುಂಗಭದ್ರೆಯು ಆ ಹಂಪೆಯ ಬಂಡೆಗಳ ನಡುವೆಯೇ ನುಸುಳಿ ಬಂದವಳು. ಆದರೆ ಆ ನೀರಿನ ಕಡೆಗೆ ಕಣ್ಣು ಹೊರಳಿಸುವವರು ಬಂಡಿಯೊಳಗೆ ಬಹು ವಿರಳ. ಎಲ್ಲರ ದೃಷ್ಟಿಯೂ ಯಜಮಾನರ ಕೈಯಲ್ಲಿರುವ ಒಂದು ಪಟ್ಟಿಯ ಮೇಲೆ ನೆಟ್ಟಿರುವುದು.

ಆ ಪಟ್ಟಿಯನ್ನು ಬಲ್ಲದವರು ಯಾರು? ವಿರೂಪಾಕ್ಷನ ಗುಡಿ, ಕಡಲೆಕಾಳು ಗಣಪ, ಸಾಸಿವೆಕಾಳು ಗಣಪ, ಉಗ್ರನರಸಿಂಹ, ಬಡವಿಲಿಂಗ, ಹಜಾರರಾಮನ ಗುಡಿ, ಮಹಾನವಮಿಯ ದಿಬ್ಬ, ಕಮಲಮಹಲು, ಆನೆಯ ಲಾಯ, ರಾಣಿಯ ಸ್ನಾನಗೃಹ, ಎಲ್ಲಕ್ಕೂ ಕಡೆಯಲ್ಲಿ ವಿಠ್ಠಲನ ಗುಡಿ ಮತ್ತು ಕಲ್ಲಿನ ರಥ. ಇವಿಷ್ಟನ್ನೂ ಹೊತ್ತು ಮುಳುಗುವುದರೊಳಗೆ ಮುಗಿಸಿ, ಒಂದೊಂದರ ಮುಂದೆಯೂ ನಿಂತು ಚಿತ್ರ ತೆಗೆಸಿಕೊಂಡು, ಹಿಂದಿರುಗಿದ ಮೇಲೆ ‘ಹಂಪೆಯನ್ನು ನೋಡಿದ್ದಾಯಿತು’ ಎಂದು ನೆರೆಹೊರೆಗೆ ಸಾರುವರು. ಒಂದು ಸಾಮ್ರಾಜ್ಯದ ರಾಜಧಾನಿಯನ್ನು ಸಂತೆಯ ಸಾಮಾನಿನ ಚೀಟಿಯಂತೆ ಗುರುತು ಹಾಕುತ್ತ ಮುಗಿಸುವ ಈ ಪರಿಪಾಠವು ನೋಡುವುದೆಂಬ ಕ್ರಿಯೆಗೇ ಅಪಚಾರವಾಗಿರುವುದು. ಈ ಪಟ್ಟಿಯು ತಾನು ತೋರಿಸುವುದನ್ನು ತಪ್ಪಾಗಿ ತೋರಿಸುತ್ತದೆ, ತೋರಿಸಬೇಕಾದುದನ್ನು ಮರೆಮಾಡುತ್ತದೆ, ಇದರಿಂದ ಮೊದಲು ಕೆಡುವವರು ಎರಡು ಹೊಳೆಗಳ ನಡುವಣ ಈ ನಾಡಿನವರೇ.

ಮೊದಲನೆಯದಾಗಿ, ತೋರಿಸುವುದನ್ನು ತಪ್ಪಾಗಿ ತೋರಿಸುವ ಮಾತು. ಕಮಲಮಹಲು, ರಾಣಿಯ ಸ್ನಾನಗೃಹ ಎಂಬ ಹೆಸರುಗಳು ಶಾಸನಗಳಿಂದ ಬಂದವಲ್ಲ. ನಗರವು ಹಾಳಾಗಿ ಎಷ್ಟೋ ಕಾಲ ಸಂದ ಮೇಲೆ, ಪಾಳುಗೋಡೆಗಳ ನಡುವೆ ತಿರುಗಾಡಿದವರು ತಮ್ಮ ಊಹೆಗೆ ಬಂದಂತೆ ಇಟ್ಟ ಹೆಸರುಗಳವು. ಹೆಸರಿಡುವುದರಲ್ಲಿ ದೋಷವಿಲ್ಲ; ಆದರೆ ಹೆಸರಿನ ಬಾಲ ಹಿಡಿದು ರಾಣಿಯರ ಜಲಕ್ರೀಡೆಯ ಕಥೆಯನ್ನು ಕಟ್ಟಿ, ಅದನ್ನು ಇತಿಹಾಸವೆಂದು ಮಕ್ಕಳ ಕಿವಿಗೆ ಊದುವುದು ದೋಷವೇ ಸರಿ.

ಉಗ್ರನರಸಿಂಹನ ವಿಷಯವು ಇನ್ನೂ ಶೋಚನೀಯ. ೧೫೨೮ರಲ್ಲಿ ಕೃಷ್ಣದೇವರಾಯನ ಕಾಲಕ್ಕೆ ಏಕಶಿಲೆಯಲ್ಲಿ ಕಡೆದ ಆ ವಿಗ್ರಹವು ಉಗ್ರನದಲ್ಲ, ಲಕ್ಷ್ಮೀನರಸಿಂಹನದು. ತೊಡೆಯ ಮೇಲೆ ಕುಳಿತಿದ್ದ ದೇವಿಯ ಮೂರ್ತಿಯು ಒಡೆದುಹೋಗಿದೆ. ಸ್ವಾಮಿಯ ಬೆನ್ನನ್ನು ಬಳಸಿದ್ದ ಅವಳ ಕೈಯ ಗುರುತು ಮಾತ್ರ ಇಂದಿಗೂ ಉಳಿದಿದೆ. ಆ ಕೈಯನ್ನು ಕಂಡವನಿಗೆ ಅದು ಶಾಂತಮೂರ್ತಿಯೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ಬೆನ್ನ ಕಡೆಗೆ ಕಣ್ಣು ಹಾಯಿಸುವಷ್ಟು ಹೊತ್ತನ್ನು ಪಟ್ಟಿಯು ಕೊಡುವುದಿಲ್ಲ. ಮುಂದೆ ನಿಲ್ಲಬೇಕು, ಚಿತ್ರ ತೆಗೆಸಿಕೊಳ್ಳಬೇಕು, ನಡೆಯಬೇಕು.

ಕಲ್ಲಿನ ರಥದ ಗತಿಯೂ ಇದಕ್ಕಿಂತ ಭಿನ್ನವಲ್ಲ. ಅದು ರಥವೇ ಅಲ್ಲ. ವಿಠ್ಠಲನ ಎದುರಿಗೆ ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ. ಅದರ ಮುಂದೆ ಈಗ ನಿಂತಿರುವ ಆನೆಗಳು ಮೂಲದವಲ್ಲ. ಅಲ್ಲಿ ಮೊದಲು ಕುದುರೆಗಳಿದ್ದವು. ಆನೆಗಳ ಹಿಂದೆ ಬಾಗಿ ನೋಡಿದರೆ ಅವುಗಳ ಹಿಂಗಾಲು, ಬಾಲಗಳ ಅವಶೇಷವು ಇಂದಿಗೂ ಕಾಣುವುದು. ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದಿತ್ತು. ೧೮೫೬ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ತೆಗೆದ ಛಾಯಾಚಿತ್ರದಲ್ಲಿ ಅದು ಸ್ಪಷ್ಟವಾಗಿರುವುದು. ೨೦೧೭ರಿಂದ ಈ ರಥದ ಚಿತ್ರವು ಐವತ್ತು ರೂಪಾಯಿಯ ನೋಟಿನ ಮೇಲೆ ಅಚ್ಚಾಗಿ ಪ್ರತಿಯೊಬ್ಬನ ಕಿಸೆಯನ್ನೂ ಸೇರಿದೆ. ನೋಟಿನಲ್ಲಿ ಕಂಡದ್ದನ್ನೇ ಕಲ್ಲಿನಲ್ಲಿ ಕಂಡು, ನೋಟಿನಲ್ಲಿಲ್ಲದ ಒಂದು ಸಂಗತಿಯನ್ನೂ ತಿಳಿಯದೆ ಹಿಂದಿರುಗುವುದಾದರೆ, ಬಂಡಿಯ ಬಾಡಿಗೆಯನ್ನು ಕೊಟ್ಟದ್ದು ಏತಕ್ಕೆ?

ಎರಡನೆಯದಾಗಿ, ಪಟ್ಟಿಯು ಮರೆಮಾಡುವ ಮಾತು. ರಾಜಧಾನಿಯೆಂದರೆ ಅರಮನೆ-ಗುಡಿಗಳ ಗುಂಪಲ್ಲ. ಲಕ್ಷಾಂತರ ಬಾಯಿಗಳಿಗೆ ಅನ್ನ ನೀರು ಒದಗಿಸುವ ವ್ಯವಸ್ಥೆಯೇ ರಾಜಧಾನಿ. ಅಂಥ ವ್ಯವಸ್ಥೆಯ ಅತ್ಯುತ್ತಮ ಸಾಕ್ಷಿಯು ಹಂಪೆಯಲ್ಲಿ ಇಂದಿಗೂ ಜೀವಂತವಾಗಿರುವುದು: ತುರುತ್ತು ಕಾಲುವೆ. ಹೊಳೆಗೆ ಅಡ್ಡಗಟ್ಟೆ ಹಾಕಿ ಬಂಡೆಗಳ ಸಂದಿಯಲ್ಲಿ ನೀರನ್ನು ತಿರುಗಿಸಿದ ವಿಜಯನಗರದ ಕಾಲದ ಆ ಕಾಲುವೆಯು ಪಾಳುನಗರದ ಮಧ್ಯದಲ್ಲಿ ಈ ಹೊತ್ತಿಗೂ ಬಾಳೆಗೂ ಭತ್ತಕ್ಕೂ ನೀರುಣಿಸುತ್ತಿದೆ. ಕಟ್ಟಿಸಿದ ಅರಸರ ಅರಮನೆಗಳು ಮಣ್ಣುಗೂಡಿದವು. ತೋಡಿಸಿದ ಕಾಲುವೆ ಮಾತ್ರ ಚಾಕರಿಯನ್ನು ಬಿಟ್ಟಿಲ್ಲ. ಹಂಪೆಗೆ ಹೋದವರು ಆ ಕಾಲುವೆಯನ್ನು ದಾಟಿಯೇ ದಾಟಿರುತ್ತಾರೆ. ಅದನ್ನು ನೋಡಿದೆವೆಂದು ಹೇಳುವವರು ನೂರಕ್ಕೊಬ್ಬರೂ ಸಿಕ್ಕುವುದಿಲ್ಲ, ಅದು ಪಟ್ಟಿಯಲ್ಲಿಲ್ಲವಷ್ಟೆ! ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದಲೇ ಗದ್ದೆ ನೆನೆಯಿಸಿ, ಕೊನೆಯ ಭಾಗಕ್ಕೆ ನೀರು ಬರಲಿಲ್ಲವೆಂದು ವರ್ಷವರ್ಷವೂ ಕಳವಳಪಡುವ ಸಿಂಧನೂರಿನ ಗೃಹಸ್ಥರೇ ಈ ಕಾಲುವೆಯನ್ನು ನೋಡದೆ ಬಂದರೆ, ಬೇರೆ ಯಾರು ನೋಡಿಯಾರು?

ಪಟ್ಟಿಯ ಕಣ್ಣಿಗೆ ನೀರು ಬೇಡವಾದಂತೆ ಜನರೂ ಬೇಡವಾದರು. ಹಂಪೆಯ ಸ್ಮಾರಕ ಸಮೂಹವು ೧೯೮೬ರಲ್ಲಿ ವಿಶ್ವಪರಂಪರೆಯ ತಾಣವೆಂದು ಘೋಷಿತವಾಯಿತು. ಅದು ಹೆಮ್ಮೆಯ ಸಂಗತಿಯೇ. ಆದರೆ ೨೦೧೧ರ ಜುಲೈ ತಿಂಗಳಲ್ಲಿ ವಿರೂಪಾಕ್ಷನ ಬೀದಿಯ ಸಾಲುಮಂಟಪಗಳಲ್ಲಿ ಸಂಸಾರ ಹೂಡಿ, ಅಂಗಡಿಯಿಟ್ಟುಕೊಂಡಿದ್ದ ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಲಾಯಿತು. ಸ್ಮಾರಕಗಳ ರಕ್ಷಣೆಗೆ ಅದು ಅವಶ್ಯಕವೆಂದು ಒಂದು ಪಕ್ಷ. ಬಾಳುವ ಊರನ್ನು ಬರಿಯ ಪ್ರದರ್ಶನವನ್ನಾಗಿ ಮಾಡಿದರೆಂದು ಇನ್ನೊಂದು ಪಕ್ಷ. ಎರಡರಲ್ಲಿಯೂ ನ್ಯಾಯದ ಅಂಶವುಂಟು. ಆದರೆ ಆ ಬೀದಿಯು ಮೂಲದಲ್ಲಿ ಪೇಟೆಯ ಬೀದಿ. ಕೊಡುಕೊಳ್ಳುವ ಗದ್ದಲಕ್ಕಾಗಿಯೇ ಹುಟ್ಟಿದ್ದು. ಇಂದು ಅದರ ನಡುವೆ ನಡೆಯುವ ಪ್ರವಾಸಿಗೆ ಈ ಎರಡು ಸಂಗತಿಗಳಲ್ಲಿ ಒಂದನ್ನೂ ಯಾರೂ ತಿಳಿಸುವುದಿಲ್ಲ.

ಇನ್ನು ಮುಖ್ಯ ವಿಷಯ. ಕೃಷ್ಣೆ ತುಂಗಭದ್ರೆಗಳ ನಡುವೆ ಹಬ್ಬಿದ ರಾಯಚೂರು ದೋಆಬಿಲ್ಲದೆ ವಿಜಯನಗರದ ಇತಿಹಾಸವೇ ಇಲ್ಲ. ಹಂಪೆಯ ಅರಸರೂ ಕಲಬುರ್ಗಿ ವಿಜಾಪುರಗಳ ಸುಲ್ತಾನರೂ ಎರಡು ಶತಮಾನಗಳಿಗೂ ಮಿಕ್ಕು ಕಾದಾಡಿದ್ದು ಬಹುಮಟ್ಟಿಗೆ ಈ ಮಣ್ಣಿಗಾಗಿ. ೧೫೨೦ರ ಮೇ ತಿಂಗಳಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿದ್ದು ರಾಯಚೂರಿನ ಕೋಟೆಗಾಗಿ. ೧೫೬೫ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿಯ ಕಾಳಗದೊಡನೆ ರಾಜಧಾನಿಯ ವಿಧಿಯು ತೀರ್ಮಾನವಾದದ್ದು ಇದೇ ನಾಡಿನ ಬಡಗಣ ಅಂಚಿನಲ್ಲಿ, ಕೃಷ್ಣೆಯ ತೀರದಲ್ಲಿ. ಹಂಪೆಯಲ್ಲಿ ನಿಂತಿರುವ ಕಲ್ಲುಗಳು ಆ ಕಥೆಯ ಫಲಗಳು. ಬೇರುಗಳು ಹೊಳೆಯ ಈಚೆಗಿರುವುವು.

ಆ ಬೇರುಗಳಿಗೆ ನೀರಾಗಿ ಹರಿದದ್ದು ಯಾರ ರಕ್ತ? ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳ ಕಥೆಯನ್ನು ಇತಿಹಾಸಕಾರನಾದ ಫಿರಿಶ್ತನು ಬರೆದಿಟ್ಟಿರುವನು. ಅವಳ ರೂಪವನ್ನು ಕೇಳಿ ಮರುಳಾದ ಮೊದಲನೆಯ ದೇವರಾಯನು ೧೪೦೬ರ ಸುಮಾರಿಗೆ ದಂಡನ್ನು ಹೊಳೆ ದಾಟಿಸಿ ಕಳುಹಿದನಂತೆ. ಸುದ್ದಿ ತಿಳಿದ ಆ ಮನೆಯವರು ಅಷ್ಟರೊಳಗೆ ಊರು ಬಿಟ್ಟು ಓಡಿದ್ದರಂತೆ. ಬರಿಗೈಯಲ್ಲಿ ತಿರುಗಿದ ದಂಡು ದಾರಿಯ ಊರುಗಳನ್ನು ಕೊಳ್ಳೆ ಹೊಡೆಯಿತಂತೆ. ಅದರಿಂದ ಫಿರೋಜಶಾಹ ಬಹಮನಿಯೊಡನೆ ಯುದ್ಧವು ಹೊತ್ತಿತಂತೆ. ಕಥೆಯ ಶೃಂಗಾರವನ್ನು ನಂಬುವುದು ಬಿಡುವುದು ಓದುವವರ ಇಚ್ಛೆ. ಆದರೆ ದಾರಿಯ ಊರುಗಳು ಸುಲಿಗೆಯಾದವೆಂಬ ಮಾತು ಮಾತ್ರ ದೋಆಬಿನ ಎಲ್ಲ ಯುದ್ಧಗಳಿಗೂ ಒಪ್ಪುವ ಮಾತು. ಆ ದಾರಿಯ ಊರುಗಳೆಂದರೆ ಇಂದು ಹಂಪೆಗೆ ಬುತ್ತಿ ಕಟ್ಟಿಕೊಂಡು ಹೋಗುವವರ ಊರುಗಳೇ! ತಮ್ಮ ಹಿರಿಯರು ತೆತ್ತ ಬೆಲೆಯಿಂದ ಎದ್ದ ಕಟ್ಟಡವನ್ನು ಮಕ್ಕಳು ಪರದೇಶಿಗಳಂತೆ ಬಾಯ್ದೆರೆದು ನೋಡಿ ಬರುವುದು ಎಂಥ ವಿಪರ್ಯಾಸ!

ಈ ಪರಕೀಯತೆಗೆ ಒಂದು ಕಾರಣವುಂಟು. ಬ್ರಿಟಿಷರ ಆಳಿಕೆಯಲ್ಲಿ ಹೊಳೆಯ ಆಚೆಯ ಹಂಪೆಯು ಬಳ್ಳಾರಿ ಜಿಲ್ಲೆಯೊಡನೆ ಮದರಾಸು ಸರಕಾರಕ್ಕೆ ಸೇರಿತ್ತು. ಈಚೆಯ ಆನೆಗೊಂದಿ, ಮಸ್ಕಿ, ಮುದಗಲ್ಲುಗಳು ನಿಜಾಮರ ಹೈದರಾಬಾದಿಗೆ ಸೇರಿದ್ದವು. ಒಂದೇ ರಾಜ್ಯದ ತಾಯಿನೆಲ ಆನೆಗೊಂದಿಯೂ ಅದರ ಸಿಂಹಾಸನ ಹಂಪೆಯೂ ಎದುರುಬದುರು ದಡಗಳಲ್ಲಿದ್ದು ಎರಡು ಸರಕಾರಗಳ ಪಾಲಾದವು. ೧೯೦೫ರಲ್ಲಿ ಆಲೂರು ವೆಂಕಟರಾಯರು ಆನೆಗೊಂದಿ ಹಂಪೆಗಳನ್ನು ಕಂಡು ಕರ್ನಾಟಕದ ಏಕತೆಯ ಧ್ಯಾನವನ್ನು ಕೈಕೊಂಡರು. ಎರಡೂ ದಡಗಳನ್ನು ಒಂದಾಗಿ ನೋಡಿದ್ದರಿಂದಲೇ ಅವರಿಗೆ ಆ ದರ್ಶನವಾಯಿತು. ೧೯೫೬ರ ನವೆಂಬರ ೧ರಂದು ಭೂಪಟದ ಗೆರೆಯು ಅಳಿಸಿತು. ಮನಸ್ಸಿನ ಗೆರೆಯು ಇನ್ನೂ ಅಳಿಸಿಲ್ಲವೆಂಬುದಕ್ಕೆ ಹೊಳೆಯಾಚೆಗೇ ಮೊದಲಾಗಿ ಹೊಳೆಯಾಚೆಗೇ ಮುಗಿಯುವ ಈ ಪಟ್ಟಿಯೇ ಸಾಕ್ಷಿ.

ಈಗ ಹೊಳೆಯ ಈಚೆಯ ದಡದಲ್ಲಿ ಏನಿದೆಯೆಂಬುದನ್ನು ವಿಚಾರಿಸುವ. ವಿಜಯನಗರವು ಹುಟ್ಟುವುದಕ್ಕೆ ಸಾವಿರದ ಐದುನೂರು ವರ್ಷಗಳಿಗೂ ಹಿಂದೆ ಈ ಸೀಮೆಯ ನಂಟುಳ್ಳ ಇನ್ನೊಂದು ರಾಜಧಾನಿಯಿತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವು ಸುವರ್ಣಗಿರಿಯಲ್ಲಿದ್ದ ರಾಜಕುಮಾರನ ಮತ್ತು ಮಹಾಮಾತ್ರರ ಮಾತಿನಿಂದ ಹೊರಟದ್ದು. ಮೌರ್ಯರ ತೆಂಕಣ ರಾಜಧಾನಿಯಾದ ಆ ಸುವರ್ಣಗಿರಿಯು ಕನಕಗಿರಿಯೆಂದು ಕೆಲವು ವಿದ್ವಾಂಸರೂ, ಮಸ್ಕಿಯೆಂದು ಕೆಲವರೂ ವಾದಿಸಿರುವರು. ವಾದವು ತೀರಿಲ್ಲ, ಆದರೆ ಎರಡು ಊರುಗಳೂ ಸಿಂಧನೂರಿಗೆ ದೂರದವಲ್ಲ. ಚಿನ್ನದ ಬೆಟ್ಟವೆಂಬ ಹೆಸರು ಈ ನೆಲಕ್ಕೆ ಬರಿದೇ ಬಂದದ್ದೂ ಅಲ್ಲದಿರಬಹುದು: ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಪುರಾತನರು ಚಿನ್ನಕ್ಕಾಗಿ ನೂರಾರು ಅಡಿ ಆಳಕ್ಕೆ ಅಗೆದ ಕುರುಹುಗಳಿವೆ.

ಮಸ್ಕಿಯ ಬಂಡೆಯನ್ನು ೧೯೧೫ರಲ್ಲಿ ಗುರುತಿಸಿದವನು ಬೀಡನ್ ಎಂಬ ಗಣಿಯ ಎಂಜಿನಿಯರನು. ಅವನು ಈ ಸೀಮೆಗೆ ಬಂದದ್ದೂ ಚಿನ್ನದ ಶೋಧಕ್ಕೆ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಆ ಶಾಸನವನ್ನು ಓದಿ ಹೈದರಾಬಾದಿನ ಪುರಾತತ್ತ್ವ ಗ್ರಂಥಮಾಲೆಯ ಮೊದಲನೆಯ ಸಂಚಿಕೆಯಾಗಿ ಪ್ರಕಟಿಸಿದರು. ಅದರ ಮಹತ್ತ್ವವೇನೆಂದರೆ: ಜೇಮ್ಸ್ ಪ್ರಿನ್ಸೆಪ್ಪನು ೧೮೩೭ರಲ್ಲಿ ಬ್ರಾಹ್ಮೀ ಲಿಪಿಯನ್ನು ಬಿಡಿಸಿದಂದಿನಿಂದ, ದೇಶದ ಉದ್ದಗಲಕ್ಕೂ ದೊರೆತ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಕಂಡುವೇ ಹೊರತು ಅರಸನ ಹೆಸರು ಕಾಣಲಿಲ್ಲ. ಸಿಂಹಳದ ಗ್ರಂಥಗಳ ಆಧಾರದಿಂದ ಅವನು ಅಶೋಕನೆಂದು ವಿದ್ವಾಂಸರು ಹೇಳುತ್ತಿದ್ದರು. ಆ ಅರಸನ ಸ್ವಂತ ಶಾಸನವೊಂದರಲ್ಲಿ ‘ಅಶೋಕ’ ಎಂಬ ಹೆಸರು ಮೊತ್ತಮೊದಲು ಓದಿ ಬಂದದ್ದು ಮಸ್ಕಿಯಲ್ಲಿ. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ಸಿರುಗುಪ್ಪ ತಾಲೂಕಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿಯೂ ಆ ಹೆಸರು ದೊರೆಯಿತು. ಅಂದರೆ ದಢೇಸುಗೂರಿನ ಸೇತುವೆಯ ಆ ತಲೆಯ ತಾಲೂಕಿನಲ್ಲಿ ಎರಡು, ಈ ತಲೆಯ ನಾಡಿನಲ್ಲಿ ಒಂದು; ಅಶೋಕನ ಹೆಸರು ಹೊತ್ತ ಮೂರು ಬಂಡೆಗಳ ನಡುವೆ ಈ ಬಂಡಿಗಳು ಓಡುತ್ತಿರುವುವು. ಒಳಗಿದ್ದವರು ಮಾತ್ರ ಕಮಲಮಹಲಿಗೆ ಎಷ್ಟು ಹೊತ್ತಿಗೆ ಮುಟ್ಟುವೆವೆಂದು ಲೆಕ್ಕ ಹಾಕುತ್ತಿರುವರು!

ಇದಕ್ಕೆ ಮೂರು ಆಕ್ಷೇಪಗಳು ಬರುವುವೆಂಬುದು ನಿಶ್ಚಯ.

‘ಮಸ್ಕಿಯಲ್ಲಿ ನೋಡುವುದಾದರೂ ಏನಿದೆ? ಒಂದು ಗುಡ್ಡ, ಒಂದು ಬಂಡೆ, ಓದಲು ಬಾರದ ಅಕ್ಷರ’ ಎಂಬುದು ಮೊದಲನೆಯದು. ಓದಲು ಬಾರದೆಂಬುದು ಬಂಡೆಯ ದೋಷವಲ್ಲ. ಕಾಣದ ಊರಿನ ರಾಣಿಯ ಕಟ್ಟುಕಥೆಯನ್ನು ಬಾಯಿಪಾಠ ಮಾಡುವ ಮಗುವಿಗೆ, ಒಂದು ಶಾಸನದ ಎಂಟು ಸಾಲುಗಳ ತಾತ್ಪರ್ಯವನ್ನು ತಿಳಿಯುವುದು ಕಷ್ಟವಲ್ಲ. ಕಣ್ಣಿಗೆ ದೊಡ್ಡದಾಗಿ ಕಾಣುವುದೇ ದೊಡ್ಡದೆಂಬ ಭ್ರಾಂತಿಯನ್ನು ಮನೆಯಲ್ಲಿಯೇ ಬಿಡಿಸದಿದ್ದರೆ ಶಾಲೆಯು ಬಿಡಿಸೀತೆ? ಇತ್ತೀಚಿನ ವರ್ಷಗಳಲ್ಲಿ ಹೊರದೇಶದ ವಿಶ್ವವಿದ್ಯಾಲಯಗಳ ಪಂಡಿತರು ಮಸ್ಕಿಗೆ ಬಂದು ಬಿಸಿಲಲ್ಲಿ ನಿಂತು ಮಣ್ಣು ಸೋಸಿ ಹೋಗಿರುವರು. ಅವರಿಗೆ ಏನೂ ಇಲ್ಲದೆಡೆಗೆ ಬರುವ ಹುಚ್ಚೆ?

‘ದುಡಿಯುವ ಜನಕ್ಕೆ ಇರುವುದು ಒಂದೇ ದಿನದ ಬಿಡುವು, ಪಟ್ಟಿಯಿಲ್ಲದೆ ಹೋದರೆ ದಿಕ್ಕು ತಪ್ಪುವರು’ ಎಂಬುದು ಎರಡನೆಯದು. ಈ ಮಾತಿನಲ್ಲಿ ಹುರುಳಿದೆ. ದೂರದ ಊರಿನಿಂದ ಜೀವಮಾನಕ್ಕೊಮ್ಮೆ ಬರುವ ಯಾತ್ರಿಕನಿಗೆ ಪಟ್ಟಿಯು ಊರುಗೋಲಾಗಬಹುದು. ಆದರೆ ಬೆಳಗ್ಗೆ ಹೊರಟು ರಾತ್ರಿ ಮನೆಗೆ ಮರಳಬಲ್ಲ ಈ ಸೀಮೆಯವರಿಗೆ ಆ ಊರುಗೋಲು ಬೇಕೆ? ಹನ್ನೆರಡು ಎಡೆಗಳಲ್ಲಿ ಹನ್ನೆರಡು ಗಳಿಗೆ ನಿಲ್ಲುವುದಕ್ಕಿಂತ ಮೂರು ಎಡೆಗಳಲ್ಲಿ ದಿನವಿಡೀ ಕುಳಿತು ನೋಡುವುದು ಮೇಲು. ಉಳಿದುವಕ್ಕೆ ಮುಂದಿನ ವರ್ಷವುಂಟು.

‘ಪ್ರವಾಸಿಗಳಿಂದ ಎಷ್ಟೋ ಬಡವರ ಒಲೆ ಉರಿಯುತ್ತಿದೆ, ಅದಕ್ಕೆ ಕಲ್ಲು ಹಾಕುವಿರಾ?’ ಎಂಬುದು ಮೂರನೆಯದು. ಕಲ್ಲು ಹಾಕುವವರು ಯಾರೂ ಇಲ್ಲ. ದಾರಿ ತೋರಿಸುವವನು ಕಟ್ಟುಕಥೆ ಹೇಳುವುದು ಕೇಳುವವನಿಗೆ ಅದೇ ಬೇಕೆಂಬುದರಿಂದ. ಕೇಳುವವನು ‘ಇದಕ್ಕೆ ಆಧಾರವೇನು?’ ಎಂದು ಒಮ್ಮೆ ವಿನಯದಿಂದ ಕೇಳಿದರೆ ಹೇಳುವವನೂ ನಾಳೆ ಓದಿಕೊಂಡು ಬರುವನು. ನೋಡುವ ಎಡೆಗಳು ಹೆಚ್ಚಿದರೆ ಮುದಗಲ್ಲಿನಲ್ಲಿಯೂ ಮಸ್ಕಿಯಲ್ಲಿಯೂ ನಾಲ್ಕು ಒಲೆಗಳು ಹೊತ್ತುವುವು. ಒಂದೇ ಊರಿನ ಹನ್ನೆರಡು ಕಲ್ಲುಗಳ ಮೇಲೆ ಲೋಕದ ಪಾದವೆಲ್ಲ ಬೀಳುವುದು ಆ ಕಲ್ಲುಗಳಿಗೂ ಕ್ಷೇಮವಲ್ಲ.

ಈ ಮಾತು ಬರಿಯ ಅಲಂಕಾರವಲ್ಲ. ವಿಠ್ಠಲನ ಗುಡಿಯ ನಾದದ ಕಂಬಗಳನ್ನು ಬಡಿದು ಬಡಿದು ನೋಡಿದವರ ದೆಸೆಯಿಂದ ಇಂದು ಅವುಗಳನ್ನು ಮುಟ್ಟಗೊಡದಂತೆ ಕಾಯಬೇಕಾಗಿದೆ. ೨೦೧೯ರಲ್ಲಿ ತರುಣರು ಕೆಲವರು ಹಂಪೆಯ ಗುಡಿಯೊಂದರ ಬಳಿ ಕಲ್ಲುಗಂಬಗಳನ್ನು ದೂಡಿ ಕೆಡವುವ ಚಿತ್ರವು ದೇಶವೆಲ್ಲ ಹರಡಿತು. ನ್ಯಾಯಾಲಯವು ಅವರಿಗೆ ದಂಡ ವಿಧಿಸಿ, ಕೆಡವಿದ ಕಂಬಗಳನ್ನು ನಿಲ್ಲಿಸುವಂತೆ ಮಾಡಿತು. ೨೦೨೪ರ ಮೇ ತಿಂಗಳ ಮಳೆಗೆ ವಿರೂಪಾಕ್ಷನ ಬೀದಿಯ ಸಾಲುಮಂಟಪದ ಒಂದು ಭಾಗವೇ ಕುಸಿಯಿತು. ಮಳೆಗೆ ಕುಸಿದುದನ್ನು ಮತ್ತೆ ಎತ್ತಬಹುದು. ಕಂಬವನ್ನು ಕೆಡವಿ ನಕ್ಕ ಆ ತರುಣರು ಎಲ್ಲಿಂದಲೋ ಉದುರಿದ ರಾಕ್ಷಸರಲ್ಲ. ಓದುಬರಹ ಬಲ್ಲ ಮನೆಗಳ ಮಕ್ಕಳೂ ಹಾಗಾಗಬಲ್ಲರು. ಕಲ್ಲು ಚಿತ್ರದ ಹಿನ್ನೆಲೆಯೆಂದು ಕಲಿತವನಿಗೆ ಅದು ನಿಂತರೇನು, ಬಿದ್ದರೇನು? ಪಟ್ಟಿಯೊಳಗಿನದು ಹೀಗೆ ಕಾಲಿಗೆ ಸಿಕ್ಕಿ ಸವೆಯುವುದು. ಪಟ್ಟಿಯ ಹೊರಗಿನದು ಕೇಳುವವರಿಲ್ಲದೆ ಸವೆಯುವುದು.

ಆದಕಾರಣ ಈ ಸೀಮೆಯ ಗೃಹಸ್ಥರು ಮಾಡತಕ್ಕದ್ದು ಇಷ್ಟು. ಮಕ್ಕಳಿಗೆ ಹಂಪೆಯನ್ನು ತೋರಿಸುವ ಮೊದಲು ಮಸ್ಕಿಯ ಗುಡ್ಡವನ್ನು ಹತ್ತಿಸಲಿ. ಮುದಗಲ್ಲಿನ ಕೋಟೆಯನ್ನು ಸುತ್ತಿಸಲಿ, ಮೊಹರಮ್ಮಿನ ದಿನಗಳಲ್ಲಾದರೆ ಹಿಂದೂ ಮುಸಲ್ಮಾನರಿಬ್ಬರೂ ಕೂಡಿ ನಡೆಸುವ ಆ ಊರಿನ ಹಬ್ಬವನ್ನೂ ಕಾಣಿಸಲಿ. ರಾಯಚೂರಿನ ಕೋಟೆಯ ಗೋಡೆಯಲ್ಲಿರುವ ೧೨೯೪ರ ನೀಳ ಶಾಸನಶಿಲೆಯ ಮುಂದೆ ನಿಲ್ಲಿಸಲಿ. ಆ ಮೇಲೆ ದಢೇಸುಗೂರಿನ ಸೇತುವೆಯ ಮೇಲೆ ಬಂಡಿಯನ್ನು ನಿಧಾನಿಸಿ, ಈ ನೀರು ಎಲ್ಲಿಂದ ಬಂತೆಂದು ಕೇಳಲಿ. ಉತ್ತರ ಬಲ್ಲ ಮಗುವನ್ನು ಮಾತ್ರವೇ ಹಂಪೆಗೆ ಕರೆದೊಯ್ಯಲಿ; ಅಲ್ಲಿಯೂ ಮೊದಲು ತುರುತ್ತು ಕಾಲುವೆಯ ದಂಡೆಗೆ. ಹಾಗೆ ಹೋದ ಮಗುವು ನರಸಿಂಹನ ಬೆನ್ನಿನ ಮೇಲಣ ಕೈಯನ್ನು ತಾನಾಗಿಯೇ ಕಂಡುಕೊಳ್ಳುವುದು.

ಮಸ್ಕಿಯ ಬಂಡೆಯ ಮೇಲೆ ಆ ಚಕ್ರವರ್ತಿಯು ಕೊರೆಯಿಸಿದ ಮಾತಿನ ಸಾರವು ಸರಳವಾದುದು: ಧರ್ಮದಲ್ಲಿ ಶ್ರಮಿಸಿದರೆ ಅಲ್ಪನಾದವನೂ ಉನ್ನತವಾದುದನ್ನು ಮುಟ್ಟಬಲ್ಲನು, ಅದು ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು, ಇದನ್ನು ಕಿರಿಯರಿಗೂ ಹಿರಿಯರಿಗೂ ಸಾರಬೇಕು. ಲೋಕದ ಬಹುದೊಡ್ಡ ಅರಸರಲ್ಲೊಬ್ಬನು ತನ್ನ ಹೆಸರನ್ನು ಬರೆಯಿಸಲು ಅರಮನೆಯ ಗೋಡೆಯನ್ನು ಹುಡುಕಲಿಲ್ಲ. ಎರಡು ಹೊಳೆಗಳ ನಡುವೆ ದನ ಕಾಯುವವರು ನೆರಳಿಗೆ ಕುಳ್ಳಿರುವ ಬಂಡೆಗಳಲ್ಲಿ ಒಂದನ್ನು ಆರಿಸಿದನು. ಆ ಬಂಡೆಗೆ ಬೆನ್ನು ಮಾಡಿ, ನೋಟಿನ ಮೇಲಣ ರಥವನ್ನು ಹುಡುಕಿಕೊಂಡು ಹೋಗುವವರ ಮನೆಗಳನ್ನು ವಿದ್ಯಾವಂತರ ಮನೆಗಳೆಂದು ಕರೆಯುವುದು ಹೇಗೆ?